ಓಲಾಡುವ ಸ್ಟೂಲು ಮತ್ತು ಪದ್ದಿಯ ಮಣೆ

ಸ್ಟೂಲಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಸರಿಯಾಗಿ ಹೇಳಬೇಕೆಂದರೆ ಸ್ಟೂಲಿಗೂ ಅಲ್ಲ, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ. ಕಿತ್ತಳೆ ಬಣ್ಣದ್ದು, ನನ್ನ ಮೊಣಕಾಲಿನಷ್ಟು ಎತ್ತರ. ತಳ ಸಪಾಟಾಗಿಲ್ಲ, ಬೋಗುಣಿಯ ಹೊಟ್ಟೆಯ ಹಾಗೆ ಉಬ್ಬಿದೆ. ಕೂತರೆ ಬೀಳುವುದಿಲ್ಲವಂತೆ, ಓಲಾಡುತ್ತದೆಯಂತೆ. 'ಅಂತೆ' ಎನ್ನುತ್ತಿದ್ದೇನೆ, ಯಾಕೆಂದರೆ ಅದು ಬಂದು ಎಂಟು ದಿನವಾಗಿದ್ದರೂ ಅದರ ಮೇಲೆ ಒಬ್ಬರೂ ಕೂತಿರಲಿಲ್ಲ. ಅಂಥ ಆರು ಸ್ಟೂಲು, ಕಾಲಿಗೆ ಗಾಲಿ ಇರುವ ಎರಡು ಅರ್ಧಚಂದ್ರದ ಮೇಜು, ನೆಲದ ಮೇಲೆ ಹಾಕಿಕೊಳ್ಳುವ ದಪ್ಪ ದಿಂಬುಗಳು, ನಿಂತು ಬರೆಯಲು ಒಂದು ಎತ್ತರದ ಮೇಜು, ಎಲ್ಲವೂ ಪೂಜೆ ಮಾಡಿಸಿಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಯ ಗೋಡೆಗೆ ಆತು ನಿಂತಿದ್ದವು. ಪೂಜೆಯಾದ ವಸ್ತುವಿನ ಮೇಲೆ ಕೂರಲು ಮಕ್ಕಳಿಗೆ ಭಯ. ಇವನ್ನು ಕೊಟ್ಟ ಕಂಪನಿಯ ಸಾಹೇಬರು ಬಂದು ನೋಡುವ ಮೊದಲು ಹೊದಿಕೆ ತೆಗೆಯಲು ಶಿಕ್ಷಕರಿಗೆ ಭಯ.

ನನಗೆ ಭಯವಾಗಲಿಲ್ಲ. ಹೊಟ್ಟೆ ಉರಿಯಿತು.

ಐವತ್ತೊಂಬತ್ತು ವಯಸ್ಸಿನ ಹೆಂಗಸು ಒಂದು ಸ್ಟೂಲನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದೆಂದರೇನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಹೊಸಪೇಟೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಒಂದೇ ಕಟ್ಟಿಗೆಯ ಕುರ್ಚಿಯಲ್ಲಿ ಕೂತು ಬಂದವಳು ನಾನು. ಅದರ ಒಂದು ಕಾಲು ಗಿಡ್ಡ, ಅದಕ್ಕೆ ಹಳೆಯ ಗ್ರಂಥಸೂಚಿಯ ರಟ್ಟು ಇಟ್ಟಿದ್ದೆ. ಅದೂ ಓಲಾಡುತ್ತಿತ್ತು, ಆದರೆ ಅದಕ್ಕೆ ಯಾರೂ ಕುಂಕುಮ ಹಚ್ಚಲಿಲ್ಲ.

ನನ್ನನ್ನು ಅಲ್ಲಿಗೆ ಕರೆಸಿದ್ದು ಪದ್ದಿ. ಅವಳ ಹೆಸರು ಪದ್ಮಾವತಿ, ಮಲಪನಗುಡಿಯ ಆಚೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ, ಮುಂದಿನ ವರ್ಷ ನಿವೃತ್ತಿ. ನಾವಿಬ್ಬರೂ ಕಂಪ್ಲಿಯ ಶಾಲೆಯಲ್ಲಿ ಒಂದನೇ ಇಯತ್ತೆಯಿಂದ ಜೊತೆಗೆ ಓದಿದವರು. ಸಂಡೂರು ಕಡೆಯ ಒಂದು ಗಣಿ ಕಂಪನಿಯವರು ಅವಳ ಶಾಲೆಯ ಮೂರು ಕೋಣೆಗಳಿಗೆ ಈ ಹೊಸ ಬಗೆಯ ಪೀಠೋಪಕರಣ ಕೊಡಲು ಒಪ್ಪಿದ್ದರು. ಮೊದಲು ಮಾದರಿಗೆಂದು ಒಂದಿಷ್ಟು ಕಳಿಸಿದ್ದರು. ಅವರದೊಂದು ಷರತ್ತು: ಶಾಲೆಗೆ ಸಂಬಂಧವಿಲ್ಲದ ಓದಿಕೊಂಡವರೊಬ್ಬರು ಮಕ್ಕಳು ಇವನ್ನು ಬಳಸುವುದನ್ನು ನೋಡಿ, ಬೇಕೋ ಬೇಡವೋ ಎಂದು ಬರೆದುಕೊಡಬೇಕು. ಶನಿವಾರದೊಳಗೆ. ಬೇಡವೆಂದರೆ ಎಲ್ಲವೂ ಲಾರಿ ಹತ್ತಿ ಕಂಪ್ಲಿಯ ಯಾವುದೋ ಶಾಲೆಗೆ ಹೋಗುತ್ತವೆ. ನೀನಲ್ಲದೆ ನನಗೆ ಓದಿಕೊಂಡವರು ಯಾರು ಗೊತ್ತು ಎಂದು ಪದ್ದಿ ಫೋನಿನಲ್ಲಿ ಹೇಳಿದ್ದಳು. ಹೊಗಳಿದರೆ ನಾನು ಹೋಗುತ್ತೇನೆಂಬುದು ಅವಳಿಗೆ ಮೂರನೇ ಇಯತ್ತೆಯಿಂದ ಗೊತ್ತು.

ಈಗ ಮಣೆಯ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲ, ಆದರೆ ಸ್ಟೂಲು ನನ್ನನ್ನು ಅಲ್ಲಿಗೇ ಎಳೆಯುತ್ತಿದೆ.

ಕಂಪ್ಲಿಯ ನಮ್ಮ ಶಾಲೆಯಲ್ಲಿ ಬೆಂಚು ಇರಲಿಲ್ಲ. ಕೂರಲು ಬೇಕಾದದ್ದನ್ನು ನಾವೇ ಮನೆಯಿಂದ ತರಬೇಕಿತ್ತು. ತಂದದ್ದು ಗೋಣಿತಟ್ಟು. ಅದರಲ್ಲೂ ಜಾತಿಗಳಿದ್ದವು. ಗೊಬ್ಬರದ ಚೀಲ ತಂದವರ ಲಂಗಕ್ಕೆ ವಾಸನೆ ಹತ್ತುತ್ತಿತ್ತು. ಸಕ್ಕರೆ ಚೀಲ ತಂದವರ ಹತ್ತಿರ ಇರುವೆ ಬರುತ್ತಿತ್ತು, ಅದು ಒಂದು ಮರ್ಯಾದೆ. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹಾಗಾಗಿ ನನ್ನದು ಭತ್ತದ ಚೀಲ. ದೊಡ್ಡದು. ಬಿಚ್ಚಿ ಹಾಸಿದರೆ ನಾಲ್ಕು ಹುಡುಗಿಯರು ಕೂರಬಹುದಿತ್ತು, ಕೂರುತ್ತಿದ್ದೆವು ಕೂಡ. ತೌಡಿನ ಪುಡಿ ತೊಡೆಗೆ ಅಂಟಿ ಮಧ್ಯಾಹ್ನದ ಹೊತ್ತಿಗೆ ತುರಿಕೆ ಶುರುವಾಗುತ್ತಿತ್ತು.

ಪದ್ದಿ ಮಾತ್ರ ಮಣೆ ತರುತ್ತಿದ್ದಳು. ಅವಳ ತಂದೆ ಗುಡಿಯ ಅರ್ಚಕರು. ಮನೆಯಲ್ಲಿ ಅಂಬಕ್ಕಜ್ಜಿ ಎಂಬ ಅಜ್ಜಿ ಇದ್ದರು, ಅವರ ಮಡಿಯ ಮುಂದೆ ಇಡೀ ಓಣಿ ಕೈಕಾಲು ಮುದುಡಿಕೊಂಡು ನಡೆಯುತ್ತಿತ್ತು. ಮೊಮ್ಮಗಳು ಯಾರ್ಯಾರೋ ತಂದ ತಟ್ಟಿನ ಮೇಲೆ ಕೂತು ಬಂದರೆ ಒಳಗೆ ಬಿಡುವುದಿಲ್ಲ ಎಂದು ಅಜ್ಜಿ ಊಟದ ಮಣೆಯೊಂದನ್ನು ಶಾಲೆಗೆ ಕಳಿಸಿದ್ದರು. ನಮ್ಮಂಥವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ತೊಳೆಯಬೇಕು. ಹಲಸಿನ ಮರದ್ದು, ನಾಲ್ಕು ಮೂಲೆಗೆ ಹಿತ್ತಾಳೆಯ ಹೂವು. ಈಗ ಹಿತ್ತಾಳೆ ಎಂದು ಬರೆದೆ. ಹೋದ ಸಲ ಈ ಕಥೆ ಹೇಳಿದಾಗ ಬೆಳ್ಳಿ ಎಂದಿದ್ದೆ. ನಿಜವಾಗಿ ಬರೀ ಮೊಳೆ ಇದ್ದಿರಬಹುದು. ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ, ನಾನೂ ನಂಬುವುದಿಲ್ಲ. ಅದು ಹೇಳಿದಾಗಲೆಲ್ಲ ಒಂದು ಒಡವೆ ಹಾಕಿಕೊಂಡು ಬರುತ್ತದೆ.

ಒಂದು ಮಾತ್ರ ಖಂಡಿತ. ಮಣೆಯ ಮೇಲೆ ಕೂತ ಪದ್ದಿ ನಮ್ಮೆಲ್ಲರಿಗಿಂತ ಎರಡು ಬೆರಳು ಎತ್ತರ ಕಾಣುತ್ತಿದ್ದಳು. ಎದ್ದು ನಿಂತರೆ ನನಗಿಂತ ಗಿಡ್ಡ. ಕೂತರೆ ಎತ್ತರ. ಈ ಅನ್ಯಾಯವನ್ನು ನಾನು ದಿನವಿಡೀ ನೋಡುತ್ತಿದ್ದೆ, ಮಗ್ಗಿ ಹೇಳುವಾಗಲೂ ನೋಡುತ್ತಿದ್ದೆ. ಹದಿಮೂರರ ಮಗ್ಗಿ ನನಗೆ ಇವತ್ತಿಗೂ ಬರುವುದಿಲ್ಲ.

ಮುಂದಿನದು ನಾನು ಊರೂರಲ್ಲಿ ಹೇಳಿದ ಕಥೆ. ಒಂದು ಮಧ್ಯಾಹ್ನ ಪದ್ದಿ ನೀರು ಕುಡಿಯಲು ಹೋದಾಗ ನಾನು ಸೀದಾ ಹೋಗಿ ಆ ಮಣೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಅದೇ ಹೊತ್ತಿಗೆ ಬುತ್ತಿ ತಂದ ಅಂಬಕ್ಕಜ್ಜಿ ಕಿಟಕಿಯಲ್ಲಿ ಕಂಡರು. ಗಲಾಟೆಯಾಯಿತು. ಮಣೆ ಮನೆಗೆ ಹೋಯಿತು, ತಿರುಗಿ ಬರಲೇ ಇಲ್ಲ. ಮರುವಾರದಿಂದ ಪದ್ದಿಯೂ ಗೋಣಿತಟ್ಟು ತಂದಳು, ಬೇರೆ ಮೂಲೆಯಲ್ಲಿ ಹಾಸಿಕೊಂಡಳು. ಆ ಮಣೆಯನ್ನು ಶಾಲೆಯಿಂದ ಇಳಿಸಿದವಳು ನಾನು, ಎಂಟು ವರ್ಷದ ಹುಲಿಗೆಮ್ಮ, ಹಮಾಲಿ ದುರುಗಪ್ಪನ ಮಗಳು. ಒಮ್ಮೆ ಕಾಲೇಜಿನ ಸಭೆಯಲ್ಲಿ ಇದನ್ನು ಹೇಳಿದಾಗ ಮುಂದಿನ ಸಾಲಿನ ಒಬ್ಬ ಅಧ್ಯಾಪಕಿ ಕಣ್ಣೊರೆಸಿಕೊಂಡರು. ಅಲ್ಲಿಂದ ಮುಂದೆ ನಾನು ಇದನ್ನು ಅವರು ಕಣ್ಣೊರೆಸಿಕೊಂಡ ಜಾಗದಲ್ಲಿ ಸ್ವಲ್ಪ ನಿಲ್ಲಿಸಿ ಹೇಳುವುದು ರೂಢಿಯಾಯಿತು.

ಹೀಗಿರುವಾಗ ಮಣೆಯ ಒಡತಿ ನನ್ನನ್ನು ಕರೆದು, ಮಕ್ಕಳಿಗೆ ಕೂರಲು ಯಾವುದು ಒಳ್ಳೆಯದು ಹೇಳು ಎಂದಳು.

ಬುಧವಾರ ಹೋದಾಗ ಕೋಣೆಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಗಾಳೆಪ್ಪನೂ ಇದ್ದ. ಬಾಳೆ ತೋಟದವನು, ಮೊಮ್ಮಗಳು ಇದೇ ಶಾಲೆಯ ಮೂರನೇ ತರಗತಿ. ಅವನಿಗೆ ಈ ಸಾಮಾನುಗಳ ಮೇಲೆ ಒಂದೇ ಆಕ್ಷೇಪ, ತೂಕವಿಲ್ಲ ಎಂಬುದು.

"ಭಾಳ ಹಗುರ ಅದಾವ್ರಿ ಅಕ್ಕಾರ. ಬೆಂಚು ಅಂದ್ರ ನಾಕು ಮಂದಿ ಎತ್ತಿದ್ರೂ ಏಳಬಾರ್ದು. ಇವನ್ನ ಒಂದು ಮಂಗ್ಯಾ ಬಂದು ಹೊತ್ಕೊಂಡು ಹೋಗ್ತತಿ."

ಹಂಪಿಯ ಮಂಗಗಳನ್ನು ಬಲ್ಲವರು ಇದನ್ನು ತಮಾಷೆ ಎಂದುಕೊಳ್ಳುವುದಿಲ್ಲ. ಆದರೂ ಅವನ ಮಾತಿನಲ್ಲಿ ನಮ್ಮ ಸೀಮೆಯ ದೊಡ್ಡ ನಂಬಿಕೆಯೊಂದಿತ್ತು. ನಾವು ಹಂಪಿಯ ಪಕ್ಕ ಹುಟ್ಟಿದವರು. ಕೂರುವುದೆಂದರೆ ಕಲ್ಲಿನ ಮೇಲೆ ಕೂರುವುದು, ಆ ಕಲ್ಲು ಐನೂರು ವರ್ಷ ಅಲ್ಲಾಡಬಾರದು. ಅಲ್ಲಾಡುವುದೇ ಗುಣ ಎಂದು ಯಾರಾದರೂ ಮಾರಲು ಬಂದರೆ ನಮಗೆ ಅರ್ಥವಾಗುವುದಿಲ್ಲ. ಹಾಗೆ ನೋಡಿದರೆ ಹಂಪಿಗೆ ಬರುವ ಪರದೇಶದವರ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ಚಡ್ಡಿ ಹಾಕಿಕೊಂಡು ಬಂದವರು ಎಲ್ಲಿ ಬೇಕೆಂದರಲ್ಲಿ, ಮಂಟಪದ ಮೆಟ್ಟಿಲಲ್ಲಿ, ಬಂಡೆಯ ತುದಿಯಲ್ಲಿ, ಕಾಲು ಇಳಿಬಿಟ್ಟು ಕೂತುಬಿಡುತ್ತಾರೆ. ನಾನು ಮೂವತ್ತು ಸಲ ಹೋಗಿದ್ದೇನೆ, ಪ್ರತಿ ಸಲವೂ ಮೊದಲು ಸುತ್ತ ನೋಡಿ, ಸೆರಗು ಸರಿಮಾಡಿ, ಯಾರೂ ಏಳು ಎನ್ನುವುದಿಲ್ಲವೆಂದು ಖಾತ್ರಿಯಾದ ಮೇಲೆ ಕೂತಿದ್ದೇನೆ.

ಹೊದಿಕೆ ತೆಗೆಯದೆ ನಾನು ಏನನ್ನೂ ಬರೆಯಲಾರೆ ಎಂದೆ. ಪದ್ದಿ ಗಾಳೆಪ್ಪನ ಮುಖ ನೋಡಿದಳು. ಗಾಳೆಪ್ಪ ಸ್ಟೂಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಅದಕ್ಕೇ ಹೇಳಿ, ಪ್ಲಾಸ್ಟಿಕ್ ಹರಿದ. ಆಮೇಲೆ ಹಿರಿಯನೆಂದು ತಾನೇ ಮೊದಲು ಕೂತ. ಸ್ಟೂಲು ಓಲಾಡಿತು. ಆಸರೆಗೆ ಮೇಜು ಹಿಡಿದ. ಮೇಜಿಗೆ ಗಾಲಿ ಇತ್ತು. ಅಧ್ಯಕ್ಷರು ಮತ್ತು ಮೇಜು ಜೊತೆಯಾಗಿ ನಿಧಾನವಾಗಿ ಬೀರುವಿನ ಕಡೆ ಸಾಗಿದರು. ಹರಿಗೋಲಿನ್ಯಾಗ ಕುಂತಂಗ ಐತಿ ಎಂದು ಹೇಳುತ್ತಲೇ ಇದ್ದ, ಇಳಿಯಲು ಮಾತ್ರ ಒಪ್ಪಲಿಲ್ಲ. ಅವನ ಮೇಲೂ ನನಗೆ ಸಣ್ಣದೊಂದು ಉರಿ.

ಎಲ್ಲವನ್ನೂ ಮೂರನೇ ತರಗತಿಗೆ ಸಾಗಿಸಿದೆವು. ಯಾರು ಎಲ್ಲಿ ಬೇಕಾದರೂ ಕೂರಬಹುದು, ಬೇಸರವಾದರೆ ಜಾಗ ಬದಲಾಯಿಸಬಹುದು ಎಂದು ಪದ್ದಿ ಮಕ್ಕಳಿಗೆ ಹೇಳಿದಳು. ಈ ಸಾಮಾನಿನ ತತ್ವವೇ ಅದಂತೆ. ಮಕ್ಕಳು ಮೊದಲು ನಂಬಲಿಲ್ಲ, ಆಮೇಲೆ ಬೇಗ ನಂಬಿದರು. ಒಬ್ಬ ದಿಂಬಿನ ಮೇಲೆ ಬೋರಲು ಮಲಗಿ ಬರೆದ. ಇಬ್ಬರು ಎತ್ತರದ ಮೇಜಿನ ಹತ್ತಿರ ನಿಂತು ದೊಡ್ಡವರ ಹಾಗೆ ಕೆಮ್ಮಿದರು. ಆದರೆ ಅರ್ಧ ಗಂಟೆಯೊಳಗೆ ಆರು ಸ್ಟೂಲಿಗೂ ಆರು ಒಡೆಯರಾಗಿದ್ದರು. ಕಿತ್ತಳೆ ಸ್ಟೂಲಿಗೆ ಒಬ್ಬಳು ತನ್ನ ಜಡೆಯ ರಿಬ್ಬನ್ನು ಬಿಚ್ಚಿ ಕಟ್ಟಿಬಿಟ್ಟಳು, ಅದು ತನ್ನದೆಂದು. ಪಕ್ಕದ ನೆಲದ ಮೇಲೆ ಗಾಳೆಪ್ಪನ ಮೊಮ್ಮಗಳು ರೇಣುಕಾ ಕೂತಿದ್ದಳು. ಅವಳು ಪುಸ್ತಕ ನೋಡುತ್ತಿರಲಿಲ್ಲ. ರಿಬ್ಬನ್ನು ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು, ಅದರ ಒಳಗಿನಿಂದ ಗೊತ್ತಿತ್ತು.

ಆಟೋದಲ್ಲಿ ಹೊಸಪೇಟೆಗೆ ಮರಳುವಾಗಲೇ ನನ್ನ ತಲೆಯಲ್ಲಿ ವರದಿ ಸಿದ್ಧವಾಯಿತು. ಮನೆಗೆ ಬಂದು ಚಹಾ ಕೂಡ ಕುಡಿಯದೆ ಬರೆದೆ. ಬೇಡ ಎಂದು ಬರೆದೆ. ನೆಲದ ಕಡಪ ಕಲ್ಲಿನ ಸಂದಿಯಲ್ಲಿ ಗಾಲಿಗಳು ಸಿಕ್ಕಿಕೊಳ್ಳುತ್ತವೆ. ಮಕ್ಕಳ ಗಮನ ಪಾಠಕ್ಕಿಂತ ಆಸನದ ಮೇಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಗೆಬಗೆಯ ಆಸನಗಳಿಂದ ಎಳೆಯ ಮನಸ್ಸುಗಳಲ್ಲಿ ಮೇಲು ಕೀಳಿನ ಭಾವನೆ ಬೇರೂರುವ ಅಪಾಯವಿದೆ; ಒಂದೇ ಬಗೆಯ ಭಾರವಾದ ಬೆಂಚುಗಳೇ ಲೇಸು. ಈ ಕೊನೆಯ ವಾಕ್ಯ ಬರೆದು ನಾನೇ ತಲೆದೂಗಿದೆ. ಎಷ್ಟು ನ್ಯಾಯವಾಗಿ ಕೇಳುತ್ತದೆ ನೋಡಿ. ಹೊಟ್ಟೆಕಿಚ್ಚಿಗೆ ಇಸ್ತ್ರಿ ಮಾಡಿದರೆ ಅದು ಹೀಗೇ ಕಾಣುತ್ತದೆ. ನನಗೆ ಸಿಗದ ಸ್ಟೂಲು ಇವಕ್ಕೆ ಯಾಕೆ ಎಂಬುದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ಮಣೆ ತಂದವಳೇ ಇವತ್ತು ಸ್ಟೂಲೂ ತರಿಸಿದಳು, ನಿವೃತ್ತಿಯ ದಿನ ಆ ಕೋಣೆಗಳ ಮುಂದೆ ನಿಂತು ಹಾರ ಹಾಕಿಸಿಕೊಳ್ಳುತ್ತಾಳೆ ಎಂಬುದಕ್ಕಂತೂ ಇಲ್ಲವೇ ಇಲ್ಲ.

ಶುಕ್ರವಾರ ಮಕ್ಕಳ ಬಿಸಿಯೂಟ ಮುಗಿದ ಮೇಲೆ ವರದಿ ಹಿಡಿದು ಹೋದೆ. ಪದ್ದಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಅವಳ ಮುಖ ಇಳಿಯಿತು. ಅದನ್ನು ನೋಡಿ ನನಗೆ ಒಂದು ಕ್ಷಣ ಹಿತವಾಯಿತು, ಮುಚ್ಚಿಡುವುದರಲ್ಲಿ ಏನಿದೆ.

"ಮೇಲು ಕೀಳು ಅಂದ್ರ ನಮ್ಮ ಮಣೆ ನೆನಪಾಗೇದ ನಿನಗ," ಎಂದಳು.

ಐವತ್ತು ವರ್ಷದಲ್ಲಿ ನಾವು ಆ ಮಣೆಯ ಬಗ್ಗೆ ಒಮ್ಮೆಯೂ ಮಾತಾಡಿರಲಿಲ್ಲ. ಊರಿಗೆಲ್ಲ ಹೇಳಿದ್ದೆ, ಅವಳಿಗೊಬ್ಬಳಿಗೆ ಬಿಟ್ಟು.

"ನೀ ಸಭಾದಾಗ ಏನೇನು ಹೇಳ್ತಿ, ನನಗ ಸುದ್ದಿ ಬರ್ತದ. ನೀನಾಗಿ ಹೋಗಿ ಕೂತಿ ಅಂತ." ಅವಳು ಕನ್ನಡಕ ತೆಗೆದಳು. "ನೀ ಎಲ್ಲೆ ಕೂತಿ ಹುಲಿಗಿ? ನಾ ಕೂಡಿಸಿದೆ."

ಅವಳು ಹೇಳಿದ್ದನ್ನು ಅವಳ ಮಾತಿಗಿಂತ ಚಿಕ್ಕದಾಗಿ ಹೇಳುತ್ತೇನೆ. ಮಣೆಯ ಮೇಲೆ ಅವಳು ಒಬ್ಬಳೇ. ಎದುರಿಗೆ ನಮ್ಮ ಭತ್ತದ ತಟ್ಟಿನ ಮೇಲೆ ನಾವು ನಾಲ್ವರು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿ ನಗುತ್ತಿದ್ದೆವು. ಏನು ಹೇಳುತ್ತಿದ್ದೆವೆಂದು ಅವಳಿಗೆ ಎರಡು ವರ್ಷ ಕೇಳಿಸಿರಲಿಲ್ಲ. ಆ ಮಧ್ಯಾಹ್ನ ಅವಳೇ ನನ್ನ ಹತ್ತಿರ ಬಂದು, ನಾನು ನಿನ್ನ ಜಾಗಕ್ಕೆ, ನೀನು ನನ್ನ ಜಾಗಕ್ಕೆ, ಬದಲಿ ಮಾಡೋಣ ಎಂದಳಂತೆ. ನಾನು ಮಣೆಗೆ ಹೋದೆ, ಅವಳು ತಟ್ಟಿಗೆ. ಅಷ್ಟರಲ್ಲಿ ಕಿಟಕಿಯಲ್ಲಿ ಅಂಬಕ್ಕಜ್ಜಿ. ಅವಳು ತಟ್ಟಿನಿಂದ ಚಂಗನೆ ಎದ್ದು, ನೀರು ಕುಡಿದು ಬಂದವಳ ಹಾಗೆ ಬಾಗಿಲಲ್ಲಿ ನಿಂತಳು.

"ಅಕಿನ ಹೋಗಿ ಕೂತಾಳ ಅಂತ ಅಜ್ಜಿಗೆ ಹೇಳಿದೆ. ಹಂಗ ಹೇಳದಿದ್ರ ನನ್ನ ಬಾವಿಕಟ್ಟಿ ಮ್ಯಾಲೆ ನಿಲ್ಲಿಸಿ ತಣ್ಣೀರು ಹಾಕ್ತಿದ್ಲು. ನಿನಗ ಬೈಸಿದೆ."

ಇಲ್ಲಿ ನಾನು ಒಂದು ಸಭ್ಯ ಲೇಖಕಿಯ ಹಾಗೆ ಗೆಳತಿಯ ಕೈ ಹಿಡಿದೆ ಎಂದು ಬರೆಯಬೇಕು. ಕೈ ಹಿಡಿಯಲಿಲ್ಲ. ನನಗೆ ಬಂದದ್ದು ಸಿಟ್ಟು. ನಾನು ಊರೂರಲ್ಲಿ ಹೇಳಿಕೊಂಡು ಬಂದದ್ದು, ಅಧ್ಯಾಪಕಿಯ ಕಣ್ಣು ಒದ್ದೆ ಮಾಡಿದ್ದು, ಹಮಾಲಿಯ ಮಗಳ ಧೈರ್ಯವೆಂದು ನಾನೇ ಬೆನ್ನು ತಟ್ಟಿಕೊಂಡದ್ದು ಎಲ್ಲವೂ ಒಬ್ಬ ಹುಡುಗಿ ತಣ್ಣೀರಿಗೆ ಹೆದರಿ ಅಜ್ಜಿಗೆ ಹೇಳಿದ ಸುಳ್ಳು. ಅಜ್ಜಿಯ ಆ ಬೈಗುಳದಲ್ಲೇ ನಾನು ನನ್ನ ಕಥೆಯನ್ನು ಕೇಳಿಸಿಕೊಂಡು ನೆನಪೆಂದು ಇಟ್ಟುಕೊಂಡಿರಬೇಕು. ಮಣೆ ಅವಳದಿತ್ತು, ಸರಿ. ಅದರ ಮೇಲೆ ಕೂತ ತಪ್ಪಾದರೂ ನನ್ನದೆಂದುಕೊಂಡಿದ್ದೆ. ಅದನ್ನೂ ಮೊದಲು ಮಾಡಿದವಳು ಅವಳೇ. ಮೊದಲು ದಾಟಿದವಳು, ತಟ್ಟಿನ ಕಡೆಗೆ ಇಳಿದು ದಾಟಿದವಳು, ಅವಳು. ಹೊಟ್ಟೆ ಉರಿಯದೆ ಏನು ಮಾಡುತ್ತದೆ?

ಇನ್ನೊಂದು ಸಂಶಯವೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಇವಳು ಹೇಳುವುದಾದರೂ ನಿಜವೇ? ನಾಳೆ ಶನಿವಾರ. ಒಳ್ಳೆಯ ವರದಿ ಬೇಕಾದ ಮುಖ್ಯೋಪಾಧ್ಯಾಯಿನಿಗೆ ಎಂಥ ನೆನಪು ಬೇಕಾದರೂ ಬರಬಹುದು. ಆದ್ದರಿಂದ ಒಂದು ಪರೀಕ್ಷೆ ಮಾಡಿದೆ. ತಟ್ಟಿನ ಮೇಲೆ ಕೂತಾಗ ಏನನ್ನಿಸಿತು ಎಂದು ಕೇಳಿದೆ.

"ತೊಡಿ ತುರಿಸಿತು," ಎಂದಳು. "ಸಂಜೀತನ ತುರಿಸಿತು. ಮನ್ಯಾಗ ಯಾರಿಗೂ ಕಾಣಧಂಗ ತುರಿಸಿಕೊಂಡೆ. ಭಾಳ ಚಂದ ಅನಿಸಿತು."

ತೌಡಿನ ತುರಿಕೆಯನ್ನು ನಾನು ಯಾವ ಸಭೆಯಲ್ಲೂ ಹೇಳಿರಲಿಲ್ಲ. ನಾಚಿಕೆಯೆಂದು ಬಿಟ್ಟಿದ್ದೆ.

ಅಷ್ಟರಲ್ಲಿ ಗಾಳೆಪ್ಪ ಒಂದು ಬಾಳೆಗೊನೆ ಹೊತ್ತುಕೊಂಡು ಬಂದ, ಮಕ್ಕಳಿಗೆಂದು. ನನ್ನ ವರದಿಯ ಸುದ್ದಿ ಅವನಿಗೆ ಮುಟ್ಟಿತ್ತೋ, ಮುಖಗಳನ್ನು ನೋಡಿ ತಿಳಿದನೋ, ಮೊಮ್ಮಗಳು ಎರಡು ದಿನದಿಂದ ಆ ಕೆಂಪು ಸ್ಟೂಲಿನದೇ ಜಪ ಮಾಡುತ್ತಿದ್ದಾಳೆ ಎಂದ. ಅದು ಕೆಂಪಲ್ಲ, ಕಿತ್ತಳೆ ಎಂದು ನಾನು ತಿದ್ದಿದೆ. ಸ್ಟೂಲು ಕಡಿಮೆ, ಮಕ್ಕಳು ಜಾಸ್ತಿ, ಜಗಳವಾಗುತ್ತದೆ, ಅದಕ್ಕೇ ಬೇಡವೆಂದು ಬರೆದಿದ್ದೇನೆ ಎಂದೆ. ಅವನು ನನ್ನನ್ನು ಪಟ್ಟಣದವರನ್ನು ನೋಡುವ ಹಾಗೆ ನೋಡಿದ.

"ಕಾಲುವಿ ನೀರೂ ಕಡಿಮಿನ ಐತ್ರಿ. ಹಂಗಂತ ಕಾಲುವಿ ಮುಚ್ಚತಾರೇನು? ಪಾಳಿ ಹಚ್ಚಿದ್ರಾತು."

ಪಾಳಿಯೆಂದರೆ ಈ ಕಡೆ ಎಲ್ಲರಿಗೂ ಗೊತ್ತು. ಕಾಲುವೆಯ ನೀರು ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಇಂಥವರ ಗದ್ದೆಗೆ. ಹೊತ್ತು ಮುಗಿದರೆ ಮಣ್ಣು ಹಾಕಿ ಮಡೆ ಕಟ್ಟಿ ಮುಂದಿನವರಿಗೆ ಬಿಡಬೇಕು. ಮೇಲಿನ ಹೊಲದವನು ಬಿಡದಿದ್ದರೆ ಕೆಳಗಿನವನು ಬಂದು ಕೂಗುತ್ತಾನೆ. ಗಾಳೆಪ್ಪ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಅದನ್ನೇ ಹೇಳಿದ. ಅರ್ಧ ತಾಸಿಗೊಂದು ಪಾಳಿ, ಸ್ಟೂಲು ಯಾರದ್ದೂ ಅಲ್ಲ. ಅವರೆಲ್ಲ ಬಾಳೆ ತೋಟದ, ಭತ್ತದ ಗದ್ದೆಯ ಮನೆಯವರು. ಕಂಪನಿಯ ತತ್ವ ಅರ್ಥವಾಗದವರಿಗೆ ಇದು ತಟ್ಟನೆ ಅರ್ಥವಾಯಿತು. ತರಗತಿಗೆ ಮರಳಿದ ಮೇಲೆ ರಿಬ್ಬನ್ನಿನವಳು ತಾನೇ ರಿಬ್ಬನ್ನು ಬಿಚ್ಚಿ ಜಡೆಗೆ ಕಟ್ಟಿಕೊಂಡಳು. ಸಂತೋಷದಿಂದಲ್ಲ. ಆದರೆ ಬಿಚ್ಚಿದಳು.

"ಮೊದಲನೇ ಪಾಳಿ ನಿಂದು," ಎಂದು ಪದ್ದಿ ಕಿತ್ತಳೆ ಸ್ಟೂಲನ್ನು ನನ್ನ ಮುಂದೆ ಇಟ್ಟಳು. "ಕೂಡು. ಈ ಸಲನೂ ನಾನ ಕೂಡಸ್ತೀನಿ."

ಕೂತೆ. ಮೊದಲು ಸುತ್ತ ನೋಡಲಿಲ್ಲ, ಸೆರಗು ಸರಿಮಾಡಲಿಲ್ಲ. ಸ್ಟೂಲು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ, ನನ್ನ ಸೊಂಟ ಎಲ್ಲಿ ನಿಲ್ಲುತ್ತದೆ ಎಂದು ಕೇಳುವಂತೆ. ಅರ್ಧಚಂದ್ರದ ಮೇಜನ್ನು ಎಳೆದುಕೊಂಡೆ, ಬಂತು. ಹಳೆಯ ವರದಿಯನ್ನು ಮಡಚಿ ಪರ್ಸಿಗೆ ಹಾಕಿ ಹೊಸ ಹಾಳೆಯಲ್ಲಿ ಬರೆದೆ. ಈ ಸಾಮಾನುಗಳು ಈ ಶಾಲೆಗೆ ಬೇಕು. ಇನ್ನಷ್ಟು ಸ್ಟೂಲುಗಳು ಬೇಕು. ನಾಲ್ವರು ಒಟ್ಟಿಗೆ ಕೂರುವಂಥ ದೊಡ್ಡ ದಿಂಬುಗಳೂ ಬೇಕು. ಕಲ್ಲಿನ ಸಂದಿಗಳನ್ನು ಸಿಮೆಂಟಿನಿಂದ ತುಂಬಿಸಿಕೊಡಬೇಕು. ಸಹಿ ಹಾಕಿ ಕೆಳಗೆ ಹುಲಿಗೆಮ್ಮ ಎಂದು ಬಿಡಿಸಿ ಬರೆದೆ.

ತಲೆ ಎತ್ತಿದರೆ ಎದುರಿಗೆ ರೇಣುಕಾ. ಕೈಯಲ್ಲಿ ಪಾಟಿಚೀಲ, ಕಣ್ಣು ಸ್ಟೂಲಿನ ಮೇಲೆ.

"ಅಜ್ಜಿ, ನಿಮ್ಮ ಪಾಳಿ ಮುಗೀತ್ರಿ. ಏಳ್ರಿ."

ಇನ್ನೊಂದು ಸಾಲು ಬರೆಯುವುದಿದೆ, ತಡಿ ಎಂದೆ. ಪೆನ್ನನ್ನು ಹಾಳೆಯ ಮೇಲೆ ಹಿಡಿದುಕೊಂಡೆ, ಮೆಲ್ಲಗೆ ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಅವಳು ಕದಲದೆ ನಿಂತಿದ್ದಳು. ಬರೆಯುವುದು ಏನೂ ಉಳಿದಿರಲಿಲ್ಲ.